ನಮ್ಮ ನೌಕೆ, ಅವರ ಆಂಟೆನಾ

ಹೋದ ಸಂಚಿಕೆಯಲ್ಲಿ ಚಂದ್ರಯಾನ-3ರ ಬಗ್ಗೆ ಬರೆಯುವಾಗ "ಯುರೋಪಿನ ಆಂಟೆನಾಗಳೂ ಕೈ ಜೋಡಿಸಿದ್ದವು" ಅಂತ ಒಂದು ಸಾಲು ಬಂದಿತ್ತು. ಆ ಒಂದೇ ಸಾಲನ್ನು ಹಿಡಿದುಕೊಂಡು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಪ್ರಶ್ನೆಗಳು ಬರುತ್ತಲೇ ಇವೆ. ತುಂಬಾ ಖುಷಿಯಾಯಿತು. ರಾಕೆಟ್ ಹಾರುವುದನ್ನು ಎಲ್ಲರೂ ನೋಡುತ್ತಾರೆ, ಅದು ಹಾರಿದ ಮೇಲೆ ಅದರ ಜೊತೆ ಮಾತಾಡುವವರು ಯಾರು ಅಂತ ಕೇಳುವವರು ಕಡಿಮೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಈ ಸಲ ಇದನ್ನೇ ತೆಗೆದುಕೊಂಡಿದ್ದೇನೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಹುಬ್ಬಳ್ಳಿ ಗೋಕುಲ ರಸ್ತೆಯಿಂದ, ನಿವೃತ್ತ ರೈಲ್ವೆ ನೌಕರರು:

"ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿ ನಮ್ಮದೇ ದೊಡ್ಡ ಆಂಟೆನಾ ಇದೆಯಲ್ರೀ. ಹಂಗಿದ್ದ ಮ್ಯಾಲೆ ಅಮೆರಿಕ, ಯುರೋಪಿನವರ ಹತ್ರ ಯಾಕೆ ಹೋಗಬೇಕು? ಅವರು ನಮ್ಮ ಸಿಗ್ನಲ್ ಕೇಳಿಸಿಕೊಂಡರೆ ನಮ್ಮ ಗುಟ್ಟು ಅವರ ಕೈಗೆ ಸಿಗೋದಿಲ್ವಾ?"

ಸರ್, ಮೊದಲು ಬ್ಯಾಲಾಳಿನ ಬಗ್ಗೆ ಹೇಳಿಬಿಡುತ್ತೇನೆ. ಅಲ್ಲಿ 32 ಮೀಟರ್ ಅಗಲದ ಒಂದು ಆಂಟೆನಾ, 18 ಮೀಟರಿನ ಇನ್ನೊಂದು ಇವೆ. 2008ರಲ್ಲಿ ಚಂದ್ರಯಾನ-1ಕ್ಕೆ ಅಂತ ಕಟ್ಟಿದ್ದು. 32 ಮೀಟರಿನದನ್ನು ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್ ಕಟ್ಟಿಕೊಟ್ಟಿತು, ಪೂರ್ತಿ ನಮ್ಮ ದೇಶದ ಕೆಲಸ. ಅದರ ತಾಕತ್ತಿನಲ್ಲಿ ಏನೂ ಕೊರತೆ ಇಲ್ಲ. ತೊಂದರೆ ಇರುವುದು ಭೂಮಿ ತಿರುಗುತ್ತದೆ ಅನ್ನುವುದರಲ್ಲಿ. ಚಂದ್ರ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಹೊತ್ತು ಮಾತ್ರ ಬ್ಯಾಲಾಳಿಗೆ ಕಾಣುತ್ತಾನೆ. ಅವನು ಮುಳುಗಿದ ಮೇಲೆ ನೀವು ಎಷ್ಟು ದೊಡ್ಡ ಆಂಟೆನಾ ಇಟ್ಟುಕೊಂಡರೂ ಅಷ್ಟೇ, ನಡುವೆ ಇಡೀ ಭೂಮಿ ಅಡ್ಡ ಬರುತ್ತದೆ. ಆಗ ಚಂದ್ರ ಯಾರ ಆಕಾಶದಲ್ಲಿ ಇದ್ದಾನೋ ಅವರೇ ಕೇಳಿಸಿಕೊಳ್ಳಬೇಕು.

ಇದನ್ನು ಸುಮ್ನೆ ಹೇಳಿದರೆ ಸಾಲದು, ಒಂದು ಬೆಳಗ್ಗೆಯನ್ನೇ ತೆಗೆದುಕೊಳ್ಳಿ. 2014ರ ಸೆಪ್ಟೆಂಬರ್ 24. ಮಂಗಳಯಾನ ಮಂಗಳನ ಕಕ್ಷೆಗೆ ಇಳಿಯುವ ದಿನ. ಬೆಳಗ್ಗೆ 7 ಗಂಟೆ ದಾಟಿದ ಮೇಲೆ ಎಂಜಿನ್ ಹೊತ್ತಿಕೊಂಡಿತು, ನೌಕೆ ಮಂಗಳನ ಹಿಂದೆ ಮರೆಯಾಯಿತು, 8 ಗಂಟೆ ಸುಮಾರಿಗೆ ಗೆದ್ದೆವು ಅಂತ ಬೆಂಗಳೂರಿನಲ್ಲಿ ಚಪ್ಪಾಳೆ ಬಿತ್ತು. ಆ ಹೊತ್ತಿಗೆ ನಮ್ಮ ಆಕಾಶದಲ್ಲಿ ಮಂಗಳ ಗ್ರಹ ಇರಲೇ ಇಲ್ಲ. ಆ ತಿಂಗಳು ಮಂಗಳ ಕಾಣುತ್ತಿದ್ದದ್ದು ಸಂಜೆ ಹೊತ್ತು. ಬೆಳಗ್ಗೆ 8ಕ್ಕೆ ಅದು ನಮ್ಮ ದಿಗಂತದ ಕೆಳಗೆ. ನೌಕೆಯಿಂದ ಹೊರಟು ಹನ್ನೆರಡು ನಿಮಿಷ ಪ್ರಯಾಣ ಮಾಡಿ ಬಂದ ಆ ಸಿಗ್ನಲ್ಲನ್ನು ಹಿಡಿದದ್ದು ನಾಸಾದ ಡೀಪ್ ಸ್ಪೇಸ್ ನೆಟ್‌ವರ್ಕ್ (ಡಿಎಸ್ಎನ್), ಅಂದರೆ ದೂರದ ನೌಕೆಗಳ ಜೊತೆ ಮಾತಾಡುವ ಅವರ ಆಂಟೆನಾಗಳ ಜಾಲ. ಅಲ್ಲಿಂದ ಅದು ಬೆಂಗಳೂರಿಗೆ ಬಂತು. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ನಮ್ಮ ಹೆಮ್ಮೆ ಕಡಿಮೆಯಾಯಿತೇನೋ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ಅಮೆರಿಕದವರೂ 1969ರಲ್ಲಿ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟ ಚಿತ್ರವನ್ನು ಜಗತ್ತಿಗೆ ತೋರಿಸಿದ್ದು ಆಸ್ಟ್ರೇಲಿಯಾದ ಹನಿಸಕಲ್ ಕ್ರೀಕ್ ಮತ್ತು ಪಾರ್ಕ್ಸ್ ಆಂಟೆನಾಗಳ ಮೂಲಕ. ಭೂಮಿ ಎಲ್ಲರಿಗೂ ಒಂದೇ ತರಹ ತಿರುಗುತ್ತದೆ.

ಅದಕ್ಕೇ ನಾಸಾ ಮೂರು ಕಡೆ ಆಂಟೆನಾ ಇಟ್ಟಿದೆ: ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್ ಹತ್ತಿರ, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಹತ್ತಿರ. ಒಂದಕ್ಕೊಂದು ಸುಮಾರು 120 ಡಿಗ್ರಿ ದೂರ, ಒಂದು ಕಡೆ ಮುಳುಗುವುದರೊಳಗೆ ಇನ್ನೊಂದು ಕಡೆ ಹುಟ್ಟಿರುತ್ತದೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್ಎ ಕೂಡ ಹಾಗೇ, 35 ಮೀಟರಿನ ಆಂಟೆನಾಗಳನ್ನು ಆಸ್ಟ್ರೇಲಿಯಾದ ನ್ಯೂ ನೋರ್ಸಿಯಾ, ಸ್ಪೇನಿನ ಸೆಬ್ರೆರೋಸ್, ಅರ್ಜೆಂಟೀನಾದ ಮಲಾರ್ಗುವೆಯಲ್ಲಿ ಇಟ್ಟಿದೆ. ಚಂದ್ರಯಾನ-3ರ ಹೊತ್ತಿಗೆ ದಕ್ಷಿಣ ಅಮೆರಿಕದ ಕೂರೂನಲ್ಲಿರುವ ಇಎಸ್ಎಯ 15 ಮೀಟರಿನದು, ಇಂಗ್ಲೆಂಡಿನ ಗೂನ್‌ಹಿಲ್ಲಿಯ 32 ಮೀಟರಿನದು ಎರಡೂ ದುಡಿದವು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿಯುವಾಗ ಚಂದ್ರ ನಮ್ಮ ಆಕಾಶದಲ್ಲೇ ಎತ್ತರದಲ್ಲಿದ್ದ, ಬ್ಯಾಲಾಳಿಗೇ ನೇರ ಕಾಣುತ್ತಿದ್ದ. ಆದರೂ ನ್ಯೂ ನೋರ್ಸಿಯಾದವರು ಬ್ಯಾಕಪ್ ಆಗಿ ಜೊತೆಗೆ ಕೇಳಿಸಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲಿ ಒಂದೇ ಆಂಟೆನಾವನ್ನು ನಂಬಿ ಕೂರಲು ಆಗುವುದಿಲ್ಲ, ಅಲ್ವಾ?

ಈಗ ನಿಮ್ಮ ಎರಡನೇ ಪ್ರಶ್ನೆ. ಬೇರೆ ದೇಶದ ಆಂಟೆನಾ ನಮ್ಮ ಸಿಗ್ನಲ್ ಹಿಡಿದಾಗ ನಿಜವಾಗಿ ಏನಾಗುತ್ತದೆ ನೋಡಿ. ಆಂಟೆನಾ ಮೊದಲೇ ಲೆಕ್ಕ ಹಾಕಿಟ್ಟ ದಿಕ್ಕಿಗೆ ತಿರುಗಿ ಕಾಯುತ್ತದೆ. ನೌಕೆ ದಿಗಂತದ ಮೇಲೆ ಬರುತ್ತಿದ್ದಂತೆ ರಿಸೀವರ್ ಲಾಕ್ ಆಗುತ್ತದೆ. ಬರುವ ಸಿಗ್ನಲ್ ಎಷ್ಟು ಕ್ಷೀಣ ಅಂದರೆ ಅದನ್ನು ಹಿಗ್ಗಿಸುವ ಆಂಪ್ಲಿಫೈಯರನ್ನು ಶೂನ್ಯಕ್ಕಿಂತ 250 ಡಿಗ್ರಿ ಕೆಳಗಿನವರೆಗೂ ತಣ್ಣಗೆ ಮಾಡಿ ಇಟ್ಟಿರುತ್ತಾರೆ, ಇಲ್ಲದಿದ್ದರೆ ಯಂತ್ರದ ಸ್ವಂತ ಬಿಸಿಯ ಗದ್ದಲದಲ್ಲೇ ಅದು ಮುಳುಗಿಹೋಗುತ್ತದೆ. ಹೀಗೆ ಹಿಡಿದದ್ದು ಸೊನ್ನೆ, ಒಂದುಗಳ ಸಾಲು. ಅದನ್ನು ಫ್ರೇಮ್ ಅನ್ನುವ ಸಣ್ಣ ಸಣ್ಣ ಕಂತೆಗಳಾಗಿ ಕಟ್ಟಿ, ನೆಲದೊಳಗಿನ ಮತ್ತು ಸಮುದ್ರದ ತಳದ ಫೈಬರ್ ಕೇಬಲ್ ಮೇಲೆ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿರುವ ಇಎಸ್ಎ ನಿಯಂತ್ರಣ ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರ್ಯಾಕ್‌ಗೆ ಕಳಿಸುತ್ತಾರೆ. ಆಂಟೆನಾ ನಡೆಸುವವರ ಕೆಲಸ ದಾಟಿಸುವುದು. ಆ ಫ್ರೇಮಿನೊಳಗೆ ಯಾವ ಅಂಕಿ ಯಾವ ಉಪಕರಣದ್ದು ಅನ್ನುವ ಅರ್ಥ ಇರುವುದು ನೌಕೆಯ ಒಡೆಯರ ಹತ್ತಿರ. ನೌಕೆಗೆ ಏನು ಹೇಳಬೇಕು ಅನ್ನುವ ಕಮಾಂಡ್ ಕೂಡ ಬೆಂಗಳೂರಿನಲ್ಲೇ ತಯಾರಾಗುತ್ತದೆ, ಅವರ ಆಂಟೆನಾ ಅದನ್ನು ಮೇಲಕ್ಕೆ ಕಳಿಸುತ್ತದೆ ಅಷ್ಟೇ. ಬೇಕೆಂದರೆ ಬೀಗ ಹಾಕಿಯೂ ಕಳಿಸಬಹುದು, ಅದಕ್ಕೂ ಅಂತಾರಾಷ್ಟ್ರೀಯ ಪದ್ಧತಿ ಇದೆ.

ಇಷ್ಟು ಸರಾಗವಾಗಿ ಒಬ್ಬರ ಡೇಟಾ ಇನ್ನೊಬ್ಬರ ಯಂತ್ರದಲ್ಲಿ ಹೇಗೆ ಹರಿಯುತ್ತದೆ? ನೀವು ರೈಲ್ವೆಯಲ್ಲಿದ್ದವರು, ಮಿರಜ್ ಮರೆತಿರಲಿಕ್ಕಿಲ್ಲ. ನಮ್ಮ ಕಡೆ ಮೀಟರ್ ಗೇಜ್ ಇದ್ದ ಕಾಲದಲ್ಲಿ ಪುಣೆ, ಮುಂಬೈಗೆ ಹೋಗುವವರು ಮಿರಜ್‌ನಲ್ಲಿ ಇಳಿದು, ಗಂಟುಮೂಟೆ ಹೊತ್ತುಕೊಂಡು ಬ್ರಾಡ್ ಗೇಜ್ ಗಾಡಿ ಹತ್ತಬೇಕಿತ್ತು. ಸರಕನ್ನೂ ಇಳಿಸಿ ಏರಿಸಬೇಕಿತ್ತು. ಹಳಿಯ ಅಗಲ ಬೇರೆ ಅನ್ನುವ ಒಂದೇ ಕಾರಣಕ್ಕೆ. ಬಾಹ್ಯಾಕಾಶ ಸಂಸ್ಥೆಗಳ ನಡುವೆಯೂ ಮೊದಲು ಅದೇ ಪಾಡಿತ್ತು. ಒಬ್ಬೊಬ್ಬರ ಡೇಟಾ ಒಂದೊಂದು ರೂಪದ್ದು. 1982ರಲ್ಲಿ ದೊಡ್ಡ ಸಂಸ್ಥೆಗಳು ಸೇರಿ ಸಿಸಿಎಸ್‌ಡಿಎಸ್ ಅನ್ನುವ ಸಮಿತಿ ಮಾಡಿಕೊಂಡವು. ಫ್ರೇಮ್ ಹೇಗಿರಬೇಕು, ತಪ್ಪು ಬಂದರೆ ತಿದ್ದುವುದು ಹೇಗೆ, ಒಬ್ಬರ ಸ್ಟೇಷನ್ನಿನಿಂದ ಇನ್ನೊಬ್ಬರ ಕಂಟ್ರೋಲ್ ರೂಮಿಗೆ ಯಾವ ಬಗೆಯಲ್ಲಿ ಕಳಿಸಬೇಕು ಅಂತ ಒಂದೊಂದಾಗಿ ಒಪ್ಪಿಕೊಂಡು ಬರೆದಿಟ್ಟರು. ನಾಸಾ, ಇಎಸ್ಎ, ಜಪಾನ್, ರಷ್ಯಾ, ಚೀನಾ ಅದರ ಸದಸ್ಯರು. ಇಸ್ರೋ ವೀಕ್ಷಕ ಸಂಸ್ಥೆಯಾಗಿ ಅದರಲ್ಲಿದೆ. ಈ ಸಮಿತಿಯ ಹೆಸರು ಪೇಪರಿನಲ್ಲಿ ಬರುವುದೇ ಇಲ್ಲ. ರಾಕೆಟ್ಟಿನಷ್ಟೇ ಗೌರವ ಈ ಕೆಲಸಕ್ಕೂ ಸಲ್ಲಬೇಕು ಅಂತ ನನ್ನ ಅಭಿಪ್ರಾಯ. ವರ್ಷಗಟ್ಟಲೆ ಕೂತು ಬರೀ ಒಪ್ಪಂದದ ವಾಕ್ಯ ತಿದ್ದಿದವರಿಂದಲೇ ಇವತ್ತು ಅರ್ಜೆಂಟೀನಾದ ಆಂಟೆನಾ ಬೆಂಗಳೂರಿನ ನೌಕೆಯ ಮಾತು ಕೇಳುತ್ತಿದೆ.

ಧಾರವಾಡ ಮಾಳಮಡ್ಡಿಯಿಂದ, ಬ್ಯಾಂಕಿನಲ್ಲಿ ಕೆಲಸ ಮಾಡುವವರು:

"ಇದಕ್ಕೆಲ್ಲಾ ಬಾಡಿಗೆ ಕೊಡಬೇಕಾ? ನಾವೇ ಎಲ್ಲಾ ಕಡೆ ಕಟ್ಟಿಕೊಂಡರೆ ಆಗಲ್ವಾ?"

ಕೆಲವು ಸಲ ದುಡ್ಡು, ಕೆಲವು ಸಲ ಕೊಡುಕೊಳ್ಳುವ ಲೆಕ್ಕ. ಇಸ್ರೋ ಮತ್ತು ಇಎಸ್ಎ ನಡುವಿನ ಒಪ್ಪಂದದ ಪ್ರಕಾರ ಇವತ್ತು ಅವರು ನಮಗೆ ಕೊಟ್ಟರೆ ನಾಳೆ ನಮ್ಮ ಸ್ಟೇಷನ್ನೂ ಅವರಿಗೆ ಒದಗಬೇಕು. ಇನ್ನು ಕಟ್ಟಿಕೊಳ್ಳುವ ಮಾತು. ಇಸ್ರೋ ಸುಮ್ಮನೆ ಕೂತಿಲ್ಲ, ಮಾರಿಷಸ್, ಬ್ರೂನೈ, ಇಂಡೋನೇಷ್ಯಾದ ಬಿಯಾಕ್‌ನಲ್ಲಿ ನಮ್ಮ ಸ್ಟೇಷನ್‌ಗಳಿವೆ. 2013ರ ನವೆಂಬರ್ 5ರಂದು ಮಂಗಳಯಾನ ಹಾರಿದಾಗ ದಾರಿ ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ಇತ್ತು, ಅಲ್ಲಿ ನೆಲವೇ ಇಲ್ಲ. ಹಾಗಾಗಿ ನಳಂದಾ, ಯಮುನಾ ಅನ್ನುವ ಎರಡು ಹಡಗುಗಳ ಮೇಲೆ ಆಂಟೆನಾ ಇಟ್ಟು ನಡುಸಮುದ್ರಕ್ಕೆ ಕಳಿಸಿದ್ದರು! ಗಗನಯಾನಕ್ಕೆ ಅಂತ ಆಸ್ಟ್ರೇಲಿಯಾದ ಕೋಕೋಸ್ ದ್ವೀಪಗಳಲ್ಲಿ ಒಂದು ಸ್ಟೇಷನ್ ಮಾಡುವ ಏರ್ಪಾಡೂ ಇದೆ. ಆದರೆ 35 ಮೀಟರಿನಂಥ ಆಂಟೆನಾವನ್ನು ಪರದೇಶದಲ್ಲಿ ಕಟ್ಟಿ, ಜನ ಇಟ್ಟು, ವರ್ಷದಲ್ಲಿ ಬಹಳ ದಿನ ಖಾಲಿ ಬಿಡುವುದಕ್ಕಿಂತ ಹಂಚಿಕೊಳ್ಳುವುದೇ ಲೇಸು. ನೀವು ಬ್ಯಾಂಕಿನವರು, ಈ ಲೆಕ್ಕ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗದಗ ತಾಲ್ಲೂಕಿನಿಂದ, ರೈತರು:

"ನಿಸಾರ್ ಅನ್ನೋ ಉಪಗ್ರಹ ಮಣ್ಣಿನ ಹಸಿ ಅಳೀತದ ಅಂತ ಓದಿದೆ. ನಮ್ದು ಎರಿ ಹೊಲ. ಮಳಿ ಆದ ಮ್ಯಾಲೆ ಯಾವಾಗ ಬಿತ್ತಬೇಕು ಅನ್ನೋದೇ ದೊಡ್ಡ ಪ್ರಶ್ನೆ. ಆ ಮಾಹಿತಿ ಎಲ್ಲಿಗೆ ಹೋಗ್ತದ, ನಮಗ ಯಾವಾಗ ಸಿಗ್ತದ?"

ಕಾಕಾ, ಬಹಳ ಒಳ್ಳೆಯ ಪ್ರಶ್ನೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಸಾರ್ ಅಂದರೆ ನಾಸಾ ಮತ್ತು ಇಸ್ರೋ ಸೇರಿ ಮಾಡಿದ ರೇಡಾರ್ ಉಪಗ್ರಹ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಮ್ಮ ಜಿಎಸ್ಎಲ್‌ವಿ ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಅದರಲ್ಲಿ ಎರಡು ರೇಡಾರ್ ಇವೆ, ಎಲ್-ಬ್ಯಾಂಡ್ ನಾಸಾದ್ದು, ಎಸ್-ಬ್ಯಾಂಡ್ ಇಸ್ರೋದ್ದು. ಸುಮಾರು 747 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಾ 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ರೇಡಾರ್ ಆದ್ದರಿಂದ ಮೋಡ ಇದ್ದರೂ ನಡೆಯುತ್ತದೆ, ರಾತ್ರಿಯೂ ನಡೆಯುತ್ತದೆ. ಮುಂಗಾರಿನಲ್ಲಿ ಕ್ಯಾಮೆರಾ ಇರುವ ಉಪಗ್ರಹಕ್ಕೆ ಬರೀ ಮೋಡ ಕಾಣುವ ಹೊತ್ತಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಈಗ ನೀವು ಕೇಳಿದ್ದು, ಮಾಹಿತಿ ಎಲ್ಲಿ ಇಳಿಯುತ್ತದೆ ಅಂತ. ಗದಗಿನ ಮೇಲೆ ಹಾದುಹೋಗುವಾಗ ಅಳೆದದ್ದು ಗದಗಿನಲ್ಲೇ ಇಳಿಯುವುದಿಲ್ಲ. ಉಪಗ್ರಹ ಅದನ್ನು ತನ್ನೊಳಗೆ ತುಂಬಿಕೊಂಡು ಮುಂದೆ ಹೋಗುತ್ತದೆ. ಹೈದರಾಬಾದ್ ಹತ್ತಿರದ ಶಾದ್‌ನಗರದಲ್ಲಿ ಇಸ್ರೋದ ಸ್ಟೇಷನ್ ಇದೆ, ಆದರೆ ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹ ಅಲ್ಲಿಗೆ ದಿನಕ್ಕೆ ಕೆಲವೇ ಸಲ, ಒಂದೊಂದು ಸಲ ಕೆಲವೇ ನಿಮಿಷ ಕಾಣುತ್ತದೆ. ಧ್ರುವದ ಹತ್ತಿರ ಆಂಟೆನಾ ಇಟ್ಟರೆ ಹೆಚ್ಚುಕಡಿಮೆ ಪ್ರತಿ ಸುತ್ತಿನಲ್ಲೂ ಕಾಣುತ್ತದೆ. ಅದಕ್ಕೇ ಅಂಟಾರ್ಕ್ಟಿಕಾದಲ್ಲಿರುವ ನಮ್ಮ ಭಾರತಿ ಕೇಂದ್ರದಲ್ಲಿ ಇಸ್ರೋ ಒಂದು ಸ್ಟೇಷನ್ ಇಟ್ಟುಕೊಂಡಿದೆ. ನಾಸಾದ ಕಡೆಯಿಂದ ಅಲಾಸ್ಕಾ, ಚಿಲಿಯ ಪುಂಟಾ ಅರೇನಾಸ್, ನಾರ್ವೆಯ ಸ್ವಾಲ್ಬಾರ್ಡ್ ಇವೆ. ಅಂದರೆ ನಿಮ್ಮ ಹೊಲದ ಹಸಿಯ ಲೆಕ್ಕ ಹಿಮದ ನಾಡಿನಲ್ಲಿ ಇಳಿದು ವಾಪಸ್ ಬರಬಹುದು.

ಆ ಸ್ವಾಲ್ಬಾರ್ಡ್ ಬಗ್ಗೆ ಒಂದು ಮಾತು. ಅದು ಉತ್ತರ ಧ್ರುವಕ್ಕೆ ಬಹಳ ಹತ್ತಿರದ ದ್ವೀಪ, 78 ಡಿಗ್ರಿ ಉತ್ತರದಲ್ಲಿದೆ. ಎಷ್ಟೋ ದೇಶಗಳ ಉಪಗ್ರಹಗಳು ತಮ್ಮ ಡೇಟಾ ಇಳಿಸುವುದು ಅಲ್ಲೇ. ಅಲ್ಲಿಂದ ನಾರ್ವೆಯ ಮುಖ್ಯ ನೆಲಕ್ಕೆ ಸಮುದ್ರದ ತಳದಲ್ಲಿ ಜೋಡಿ ಕೇಬಲ್ ಎಳೆದಿದ್ದಾರೆ. 2022ರ ಜನವರಿಯಲ್ಲಿ ಅದರಲ್ಲಿ ಒಂದು ಕೆಟ್ಟಿತು. ಇನ್ನೊಂದು ಇದ್ದದ್ದರಿಂದ ಕೆಲಸ ನಿಲ್ಲಲಿಲ್ಲ. ಅದೂ ಕೆಟ್ಟಿದ್ದರೆ ಉಪಗ್ರಹ ಮೇಲೆ ಗಟ್ಟಿಮುಟ್ಟಾಗಿ ಸುತ್ತುತ್ತಾ ಇರುತ್ತಿತ್ತು, ಅಲ್ಲಿ ಇಳಿಸಿದ ಮಾಹಿತಿ ಮಾತ್ರ ದ್ವೀಪದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬಾಹ್ಯಾಕಾಶ ಅಂದ ಕೂಡಲೇ ನಾವು ಮೇಲೆ ನೋಡುತ್ತೇವೆ. ಅದರ ಬಹುಪಾಲು ಕೆಲಸ ನೆಲದಲ್ಲಿ, ಸಮುದ್ರದ ಕೆಸರಿನಲ್ಲಿ ಹೂತಿರುವ ತಂತಿಯಲ್ಲಿ ನಡೆಯುತ್ತದೆ.

ನಿಮಗೆ ಯಾವಾಗ ಸಿಗುತ್ತದೆ ಅಂದರೆ, ನಿಸಾರ್ ಮಾಹಿತಿಯನ್ನು ಉಚಿತವಾಗಿ ಕೊಡುವುದು ಅಂತ ಎರಡೂ ಸಂಸ್ಥೆಗಳು ಒಪ್ಪಿವೆ. ಆದರೆ ಅದು ಮಳೆ ಮುನ್ಸೂಚನೆಯ ತರಹ ಸೀದಾ ಮೊಬೈಲಿಗೆ ಬಂದು "ನಾಳೆ ಬಿತ್ತಿ" ಅನ್ನುವುದಿಲ್ಲ. ಮಣ್ಣಿನ ಹಸಿಯ ನಕ್ಷೆ ನಿಮ್ಮ ಎರಡೆಕರೆ ತುಂಡನ್ನು ಬೇರೆಯಾಗಿ ತೋರಿಸುವಷ್ಟು ಸೂಕ್ಷ್ಮವೂ ಅಲ್ಲ, ಊರಿನ ಆ ಬದಿ ಈ ಬದಿ ಅನ್ನುವಷ್ಟು ತಿಳಿಯುತ್ತದೆ. ಅದನ್ನು ಎರೆಭೂಮಿಯ ಗುಣ ಬಲ್ಲವರು, ಕೃಷಿ ವಿಶ್ವವಿದ್ಯಾಲಯದವರು, ಇಲಾಖೆಯವರು ಕೂತು ರೈತರ ಭಾಷೆಗೆ ಇಳಿಸಬೇಕು. ಆ ಕೆಲಸ ಆಗಲೇಬೇಕು ಅಂತ ನೀವು ರೈತ ಸಂಪರ್ಕ ಕೇಂದ್ರದಲ್ಲಿ ಜೋರಾಗಿಯೇ ಕೇಳಿ. ಕೇಳುವ ಹಕ್ಕು ನಿಮಗಿದೆ. ಅಲ್ಲಿಯವರೆಗೆ ಬೊಗಸೆ ಮಣ್ಣು ಹಿಡಿದು ಉಂಡೆ ಕಟ್ಟಿ ನೋಡುವ ನಿಮ್ಮ ಪದ್ಧತಿಯನ್ನು ಬಿಡಬೇಡಿ.

ಧಾರವಾಡದಿಂದ, ಹೈಸ್ಕೂಲ್ ವಿಜ್ಞಾನ ಶಿಕ್ಷಕಿ:

"ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಂತರಿಕ್ಷ ನಿಲ್ದಾಣದಲ್ಲಿ ನಮ್ಮ ಧಾರವಾಡದ ಹೆಸರುಕಾಳು, ಮೆಂತ್ಯದ ಮೊಳಕೆ ಪ್ರಯೋಗ ಮಾಡಿದ್ದನ್ನು ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗ ಕೇಳಿದ: ನಿಲ್ದಾಣ ಒಂದೂವರೆ ಗಂಟೆಗೆ ಭೂಮಿ ಸುತ್ತಿಬಿಡುತ್ತೆ, ಮಾತು ಯಾಕೆ ಕಟ್ ಆಗಲ್ಲ? ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ."

ಮೇಡಂ, ಆ ಹುಡುಗನಿಗೆ ನನ್ನ ಶಾಬಾಸ್ ಹೇಳಿ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಓಡುವುದು ಗಂಟೆಗೆ 28 ಸಾವಿರ ಕಿಲೋಮೀಟರ್ ವೇಗದಲ್ಲಿ. ನೆಲದ ಒಂದು ಆಂಟೆನಾಕ್ಕೆ ಅದು ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ಕಾಣುತ್ತದೆ. ಹಾಗಾಗಿ ನೆಲದ ಆಂಟೆನಾ ನಂಬಿದರೆ ಮಾತು ಖಂಡಿತ ಕಟ್ ಆಗುತ್ತದೆ. ಅದಕ್ಕೆ ನಾಸಾದವರು ಮೇಲೇ ಆಂಟೆನಾ ಇಟ್ಟಿದ್ದಾರೆ. ಟಿಡಿಆರ್‌ಎಸ್ ಅನ್ನುವ ಉಪಗ್ರಹಗಳು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಕೂತು ಕೆಳಗೆ ನೋಡುತ್ತಿರುತ್ತವೆ. ನಿಲ್ದಾಣದಲ್ಲಿ ಆಡಿದ ಮಾತು ಮೊದಲು ಮೇಲಕ್ಕೆ ಹೋಗಿ, ಅಲ್ಲಿಂದ ಅಮೆರಿಕದ ವೈಟ್ ಸ್ಯಾಂಡ್ಸ್ ಅಥವಾ ಗುವಾಮ್ ದ್ವೀಪದ ಸ್ಟೇಷನ್ನಿಗೆ ಇಳಿದು, ಹೂಸ್ಟನ್ನಿಗೆ ಬರುತ್ತದೆ. ಹೂಸ್ಟನ್ ಒಂದೇ ಅಲ್ಲ. ಮಾಸ್ಕೋ ಹತ್ತಿರ, ಜರ್ಮನಿಯ ಮ್ಯೂನಿಕ್ ಹತ್ತಿರ, ಜಪಾನಿನ ತ್ಸುಕುಬಾ, ಕೆನಡಾದ ಮಾಂಟ್ರಿಯಲ್ ಹತ್ತಿರ, ಹೀಗೆ ಬೇರೆ ಬೇರೆ ಕಡೆ ಕಂಟ್ರೋಲ್ ರೂಮುಗಳಿವೆ, ಎಲ್ಲರೂ ಹಗಲಿರುಳು ಒಂದೇ ಜಾಲದಲ್ಲಿ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಕೂತಿರುತ್ತಾರೆ.

ಮೊಳಕೆ ಪ್ರಯೋಗ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡದವರದ್ದು ಅನ್ನುವುದನ್ನು ಮಕ್ಕಳಿಗೆ ಇನ್ನೊಮ್ಮೆ ಹೇಳಿ, ಎಷ್ಟು ಸಲ ಹೇಳಿದರೂ ಜಾಸ್ತಿಯಾಗುವುದಿಲ್ಲ. ಶುಕ್ಲಾ ಅವರು 2025ರ ಜೂನ್ 25ಕ್ಕೆ ಹೊರಟು ಜುಲೈ 15ಕ್ಕೆ ಮರಳಿದರು. ಮೊಳಕೆಗಳನ್ನು ಅಲ್ಲಿ ಫೋಟೋ ತೆಗೆದು, ಫ್ರೀಜರ್‌ನಲ್ಲಿಟ್ಟು ಕೆಳಗೆ ತರುವ ಪ್ರಯೋಗ ಅದು. ಕಾಳು ಬರಲು ನೌಕೆ ಬೇಕು, ಅದರ ಚಿತ್ರ ಬರಲು ಈ ಜಾಲ ಸಾಕು.

ಇನ್ನೊಂದು, ಮಕ್ಕಳಿಗೆ ಇದು ಇಷ್ಟವಾಗುತ್ತದೆ. ನಿಲ್ದಾಣದಲ್ಲಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳು ಬಳಸುವ ರೇಡಿಯೊ ಇದೆ. 145.800 ಮೆಗಾಹರ್ಟ್ಜ್‌ನಲ್ಲಿ ಅಲ್ಲಿಂದ ಧ್ವನಿ ಬರುತ್ತದೆ. ಶುಕ್ಲಾ ಕೂಡ ಅಲ್ಲಿದ್ದಾಗ ಹ್ಯಾಮ್ ರೇಡಿಯೊ ಮೂಲಕ ಭಾರತದ ಮಕ್ಕಳ ಜೊತೆ ಮಾತಾಡಿದ್ದರು. ಹ್ಯಾಮ್ ಲೈಸೆನ್ಸ್ ಪರೀಕ್ಷೆಯನ್ನು 12 ವರ್ಷ ತುಂಬಿದವರು ಬರೆಯಬಹುದು. ಲೈಸೆನ್ಸ್ ಇರುವ ಹ್ಯಾಮ್ ಒಬ್ಬರನ್ನು ಒಮ್ಮೆ ಶಾಲೆಗೆ ಕರೆಸಿ. ನಿಲ್ದಾಣ ಧಾರವಾಡದ ಮೇಲೆ ಹಾಯುವ ಹೊತ್ತು ನೋಡಿಕೊಂಡು ಆಂಟೆನಾ ಹಿಡಿದು ನಿಂತರೆ, ಸಿಗ್ನಲ್ ಬರುವುದು, ಜೋರಾಗುವುದು, ಕ್ಷೀಣಿಸಿ ಹೋಗುವುದು ಎಲ್ಲವೂ ಆ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಪಾಠದಲ್ಲಿ ಎಷ್ಟು ಹೇಳಿದರೂ ಅದು ಬರುವುದಿಲ್ಲ.

ರಾಣೆಬೆನ್ನೂರಿನಿಂದ, ಟಿವಿ, ಮೊಬೈಲ್ ರಿಪೇರಿ ಅಂಗಡಿಯವರು:

"ವಾಯೇಜರ್ ಟ್ರಾನ್ಸ್‌ಮಿಟರ್ ಬರೀ 20 ವ್ಯಾಟ್ ಅಂತಾರೆ. ಇದು ನಿಜಾನಾ? ಅದು ಕೆಟ್ಟರೆ ರಿಪೇರಿ ಹೇಗೆ?"

ನಿಜ, ಹೆಚ್ಚುಕಡಿಮೆ ಅಷ್ಟೇ. ದೂರದ ಗ್ರಹಗಳನ್ನು ನೋಡಲು ನಾಸಾ ಕಳಿಸಿದ ಎರಡೂ ವಾಯೇಜರ್ ನೌಕೆಗಳು 1977ರಲ್ಲಿ ಹೊರಟವು. ನಿಮ್ಮ ಕಸುಬಿನವರಿಗೆ ಇಷ್ಟವಾಗುವ ಒಂದು ಘಟನೆ ಹೇಳುತ್ತೇನೆ. 2023ರ ಜುಲೈನಲ್ಲಿ ವಾಯೇಜರ್-2ಕ್ಕೆ ಒಂದು ತಪ್ಪು ಕಮಾಂಡ್ ಹೋಯಿತು. ಅದರ ಆಂಟೆನಾ ಭೂಮಿಯಿಂದ ಬರೀ 2 ಡಿಗ್ರಿ ಆಚೆ ತಿರುಗಿತು. ಅಷ್ಟಕ್ಕೇ ಮಾತು ಬಂದ್! ಆಗ ನೌಕೆ ಭೂಮಿಯಿಂದ ಸುಮಾರು 2,000 ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ಹೋಗಿ ತಿರುಗಿಸಿ ಬರುವ ಮಾತಿಲ್ಲ. ಅದು ದಕ್ಷಿಣದ ಕಡೆ ಹೋಗಿರುವುದರಿಂದ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್ ಆಂಟೆನಾಗಳಿಗೆ ಕಾಣುವುದೂ ಇಲ್ಲ. ಅದಕ್ಕೆ ಕಮಾಂಡ್ ಕಳಿಸುವ ಶಕ್ತಿ ಇರುವುದು ಇಡೀ ಜಗತ್ತಿನಲ್ಲಿ ಒಂದೇ ಆಂಟೆನಾಕ್ಕೆ, ಕ್ಯಾನ್‌ಬೆರಾದ 70 ಮೀಟರಿನ ಡಿಎಸ್ಎಸ್-43. ಅಲ್ಲಿಂದ ಎಷ್ಟು ಜೋರಾಗಿ ಆಗುತ್ತೋ ಅಷ್ಟು ಜೋರಾಗಿ "ಇತ್ತ ತಿರುಗು" ಅಂತ ಕಳಿಸಿದರು. ಹೋಗಲು 18 ಗಂಟೆಗೂ ಜಾಸ್ತಿ, ಉತ್ತರ ಬರಲು ಮತ್ತೆ ಅಷ್ಟೇ. 37 ಗಂಟೆ ಕಾದ ಮೇಲೆ, ಆಗಸ್ಟ್ 4ಕ್ಕೆ, ಸಿಗ್ನಲ್ ಬಂತು. ನೌಕೆ ತಿರುಗಿತ್ತು.

ಅದೇ ಡಿಎಸ್ಎಸ್-43 ರಿಪೇರಿಗೆ ಅಂತ 2020ರ ಮಾರ್ಚ್‌ನಿಂದ ಸುಮಾರು ಒಂದು ವರ್ಷ ನಿಂತಿತ್ತು. ಆ ವರ್ಷ ಬೇರೆ ಆಂಟೆನಾಗಳಿಂದ ವಾಯೇಜರ್-2 ಹೇಳುವುದನ್ನು ಕೇಳಬಹುದಿತ್ತು, ಅದಕ್ಕೆ ಏನೂ ಹೇಳಲು ಆಗುತ್ತಿರಲಿಲ್ಲ. ಸ್ಪೇರ್ ಇಲ್ಲದ ಯಂತ್ರ ಅಂದರೆ ಏನು ಅಂತ ನಿಮಗೆ ಗೊತ್ತು.

ಲಕ್ಷ್ಮೇಶ್ವರದಿಂದ, ಏಳನೇ ತರಗತಿ ಬಾಲಕ:

"ಚಂದ್ರನ ಮೇಲೆ ಮೊಬೈಲ್ ನೆಟ್‌ವರ್ಕ್ ಬರುತ್ತಾ?"

ಬರುತ್ತೆ ಪುಟ್ಟಾ, ಸ್ವಲ್ಪ ತಡ ಆಗಬಹುದು. 2025ರ ಮಾರ್ಚ್‌ನಲ್ಲಿ ನೋಕಿಯಾದ 4ಜಿ ಪೆಟ್ಟಿಗೆ ಹೊತ್ತ ಅಥೀನಾ ಅನ್ನುವ ನೌಕೆ ಚಂದ್ರನ ಮೇಲೆ ಇಳಿಯಿತು. ಆದರೆ ಅಡ್ಡ ಬಿದ್ದಿತು. ಪೆಟ್ಟಿಗೆ ಸ್ವಲ್ಪ ಹೊತ್ತು ಚಾಲೂ ಆಯಿತು, ಕರೆ ಮಾಡಲು ಆಗಲಿಲ್ಲ. ಈಗ ನಾಸಾ, ಇಎಸ್ಎ, ಜಪಾನಿನವರು ಸೇರಿ ಚಂದ್ರನ ಸುತ್ತ ಯಾರ ಉಪಗ್ರಹ ಆದರೂ ಯಾರ ನೌಕೆಗೆ ಆದರೂ ನೆಟ್‌ವರ್ಕ್ ಕೊಡುವ ಹಾಗೆ ನಿಯಮ ಬರೆಯುತ್ತಿದ್ದಾರೆ. ಅದಕ್ಕೆ ಲೂನಾನೆಟ್ ಅಂತ ಹೆಸರು. ನೀನು ಕಾಲೇಜಿಗೆ ಹೋಗುವ ಹೊತ್ತಿಗೆ ಇನ್ನೊಮ್ಮೆ ಈ ಪ್ರಶ್ನೆ ಕೇಳು.

ಹಾವೇರಿಯಿಂದ, ವಕೀಲರು:

"ದೇಶ ದೇಶಗಳ ನಡುವೆ ಇಷ್ಟು ಜಗಳ ಇರುವಾಗ ಈ ಸಹಕಾರ ಎಷ್ಟು ದಿನ ನಂಬಬಹುದು? ನಾಳೆ ಸಿಟ್ಟು ಬಂದು ಸ್ವಿಚ್ ಆಫ್ ಮಾಡಿದರೆ?"

ವಕೀಲ ಸಾಹೇಬರೇ, ನಿಮ್ಮ ಅನುಮಾನ ಸರಿಯಾಗಿದೆ. ಸಹಕಾರ ಮುರಿದ ಉದಾಹರಣೆಯೇ ಇದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನವರು ರಷ್ಯಾ ಜೊತೆಗಿನ ಮಂಗಳದ ರೋವರ್ ಯೋಜನೆಯಿಂದ ಹೊರಬಂದರು. ಅದೇ ಹೊತ್ತಿಗೆ ಅಂತರಿಕ್ಷ ನಿಲ್ದಾಣದಲ್ಲಿ ಹೂಸ್ಟನ್ ಮತ್ತು ಮಾಸ್ಕೋ ದಿನವೂ ಮಾತಾಡುತ್ತಲೇ ಇದ್ದವು, ಈಗಲೂ ಮಾತಾಡುತ್ತಿವೆ. ಅಮೆರಿಕದಲ್ಲಿ 2011ರಿಂದ ಒಂದು ಕಾನೂನು ಇದೆ, ನಾಸಾ ಚೀನಾದ ಜೊತೆ ನೇರವಾಗಿ ಸೇರಿ ಕೆಲಸ ಮಾಡುವ ಹಾಗಿಲ್ಲ. ಆದರೂ 2021ರಲ್ಲಿ ಮಂಗಳನ ಸುತ್ತ ನೌಕೆಗಳು ಜಾಸ್ತಿಯಾದಾಗ, ಒಂದಕ್ಕೊಂದು ಡಿಕ್ಕಿಯಾಗಬಾರದು ಅಂತ ನಾಸಾ ಯುಎಇ, ಇಎಸ್ಎ, ಇಸ್ರೋ ಮತ್ತು ಚೀನಾದ ಸಂಸ್ಥೆಯ ಜೊತೆ ಕಕ್ಷೆಯ ಲೆಕ್ಕ ಹಂಚಿಕೊಂಡಿತು. 2020ರಲ್ಲಿ ಚೀನಾದ ಚಾಂಗ್'ಇ-5 ಚಂದ್ರನಿಗೆ ಹೊರಟಾಗ ಅದರ ಸಿಗ್ನಲ್ ಹಿಡಿಯಲು ಇಎಸ್ಎ ತನ್ನ ಸ್ಟೇಷನ್ ಕೊಟ್ಟಿತ್ತು.

ನಮ್ಮದೇ ಒಂದು ಪ್ರಸಂಗ ಇದೆ, ಅದು ಪೇಪರಿನ ಮೂಲೆಯಲ್ಲಿ ಬಂದು ಹೋಯಿತು. 2021ರ ಅಕ್ಟೋಬರ್ 20ರಂದು ಚಂದ್ರನನ್ನು ಸುತ್ತುತ್ತಿರುವ ಎರಡು ನೌಕೆಗಳು, ನಮ್ಮ ಚಂದ್ರಯಾನ-2ರ ಆರ್ಬಿಟರ್ ಮತ್ತು ನಾಸಾದ ಎಲ್ಆರ್‌ಒ, ಚಂದ್ರನ ಧ್ರುವದ ಮೇಲೆ ತೀರಾ ಹತ್ತಿರ ಬರುತ್ತವೆ ಅಂತ ಎರಡೂ ಕಡೆಯವರ ಲೆಕ್ಕದಲ್ಲಿ ಬಂತು. ಬೆಂಗಳೂರಿನವರೂ ಅಮೆರಿಕದವರೂ ಮಾತಾಡಿಕೊಂಡರು, ನಮ್ಮದನ್ನು ಸರಿಸುವುದು ಅಂತ ತೀರ್ಮಾನವಾಯಿತು, 18ರ ರಾತ್ರಿಯೇ ಸರಿಸಿದರು. ಒಬ್ಬರ ಮೇಲೊಬ್ಬರು ನಂಬಿಕೆ ಇಟ್ಟು ಅಂಕಿ ಕೊಡದೇ ಇದ್ದರೆ ಏನಾಗುತ್ತಿತ್ತೋ. ಎರಡು ವರ್ಷ ಕಳೆದು ಚಂದ್ರಯಾನ-3 ಬಂದಾಗ ಅದರ ಲ್ಯಾಂಡರ್ ವಿಕ್ರಮ್‌ಗೆ ಸಂಪರ್ಕ ಒದಗಿಸಿದ್ದರಲ್ಲಿ ಆ ಚಂದ್ರಯಾನ-2 ಆರ್ಬಿಟರ್ ಕೂಡ ಒಂದು.

ಮಂಗಳದಲ್ಲಿ ಇದು ಇನ್ನೂ ಹೆಣೆದುಕೊಂಡಿದೆ. ಯುರೋಪಿನ ಟಿಜಿಒ ಅನ್ನುವ ಆರ್ಬಿಟರಿನೊಳಗೆ ನಾಸಾದ ರೇಡಿಯೊ ಕೂತಿದೆ. ನಾಸಾದ ರೋವರ್‌ಗಳು ತೆಗೆದ ಚಿತ್ರ, ಅಳತೆಗಳಲ್ಲಿ ದೊಡ್ಡ ಪಾಲು ಅದರ ಮೂಲಕವೇ ಭೂಮಿಗೆ ಬರುತ್ತದೆ. ಹೀಗೆ ಕಟ್ಟಿಕೊಂಡ ಮೇಲೆ ಸ್ವಿಚ್ ಆಫ್ ಮಾಡಿದವರ ಮನೆಯಲ್ಲೂ ಕತ್ತಲಾಗುತ್ತದೆ. ಒಪ್ಪಂದದ ಕಾಗದಕ್ಕಿಂತ ಇದೇ ಗಟ್ಟಿ ಅಂತ ನನಗೆ ಅನ್ನಿಸುತ್ತದೆ, ವಕೀಲರಾದ ನೀವು ಒಪ್ಪುತ್ತೀರೋ ಇಲ್ಲವೋ.

ಹುಬ್ಬಳ್ಳಿ ವಿದ್ಯಾನಗರದಿಂದ, ಇ ಅಂಡ್ ಸಿ ಓದುತ್ತಿರುವ ವಿದ್ಯಾರ್ಥಿನಿ:

"ಎಲ್ಲರೂ ಸಾಫ್ಟ್‌ವೇರ್ ಅಂತಾರೆ. ನನಗೆ ಈ ಕೆಲಸದಲ್ಲಿ ಆಸಕ್ತಿ ಇದೆ. ಎಲ್ಲಿಂದ ಶುರು ಮಾಡಲಿ?"

ತಂಗಿ, ಮೊದಲು ನಾಸಾದ "ಡಿಎಸ್ಎನ್ ನೌ" ಅನ್ನುವ ವೆಬ್‌ಸೈಟ್ ತೆರೆದು ನೋಡು. ಮೂರು ಊರಿನ ಯಾವ ಆಂಟೆನಾ ಈ ಕ್ಷಣ ಯಾವ ನೌಕೆಯ ಜೊತೆ ಮಾತಾಡುತ್ತಿದೆ, ಎಷ್ಟು ಡೇಟಾ ಬರುತ್ತಿದೆ, ಸಿಗ್ನಲ್ ಎಷ್ಟು ಕ್ಷೀಣ ಎಲ್ಲಾ ಅಲ್ಲೇ ಕಾಣುತ್ತದೆ. ಬೇರೆ ದೇಶದ ನೌಕೆಗಳೂ ಅದರಲ್ಲಿ ಬರುತ್ತವೆ. ಅಲ್ಲಿ ಕಾಣುವ ಒಂದೊಂದು ಅಂಕಿ ಏನು ಅಂತ ಹುಡುಕುತ್ತಾ ಹೋದರೆ ಒಂದು ಸೆಮಿಸ್ಟರಿನ ಪಾಠ ಆಗುತ್ತದೆ. ಆಮೇಲೆ ಮೇಲೆ ಹೇಳಿದೆನಲ್ಲ, ಸಿಸಿಎಸ್‌ಡಿಎಸ್, ಅವರ ನಿಯಮದ ಪುಸ್ತಕಗಳು ಅವರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಅಂತಿಮ ನಿಯಮಗಳಿಗೆ ನೀಲಿ ಪುಸ್ತಕ ಅಂತಾರೆ, ತಿಳಿಸಿ ಹೇಳುವುದಕ್ಕೆ ಹಸಿರು ಪುಸ್ತಕ. ಹಸಿರಿನಿಂದ ಶುರು ಮಾಡು, ನೀಲಿಯಿಂದ ಶುರು ಮಾಡಿದರೆ ಬೇಜಾರಾಗಿ ಬಿಟ್ಟುಬಿಡುತ್ತೀಯ.

ಕಾಲೇಜಿನಲ್ಲಿ ಆಂಟೆನಾ, ಡಿಜಿಟಲ್ ಕಮ್ಯುನಿಕೇಷನ್, ತಪ್ಪು ತಿದ್ದುವ ಕೋಡಿಂಗ್ ಈ ಮೂರನ್ನು ಪರೀಕ್ಷೆಗೆ ಅಂತ ಓದಬೇಡ, ನಿಜವಾಗಿ ಓದು. ಗೆಳತಿಯರು ಇಬ್ಬರು ಮೂವರು ಸೇರಿದರೆ ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೊ ಸಿಗ್ನಲ್ ಹಿಡಿಯುವ ಒಂದು ಎಸ್‌ಡಿಆರ್ ಡಾಂಗಲ್ ತಗೊಳ್ಳಿ, ಅದರ ಬೆಲೆ ಒಂದು ಸಾಧಾರಣ ಮೊಬೈಲಿಗಿಂತ ಕಡಿಮೆ. ರೇಡಿಯೊ ಉಪಕರಣಕ್ಕೆ ಇರುವ ನಿಯಮಗಳನ್ನು ನಿಮ್ಮ ವಿಭಾಗದಲ್ಲಿ ಕೇಳಿಕೊಂಡೇ ಶುರು ಮಾಡಿ. ಕೆಲಸಕ್ಕೆ ಇಸ್ರೋ ನೇಮಕಾತಿ ಪ್ರಕಟಣೆ ನೋಡುತ್ತಾ ಇರು. ಎಂಜಿನಿಯರ್ ಹುದ್ದೆ ಇರುತ್ತದೆ, ಡಿಪ್ಲೊಮಾ, ಐಟಿಐ ಆದವರಿಗೂ ಹುದ್ದೆ ಇರುತ್ತದೆ. ಇದನ್ನು ನಿಮ್ಮ ಬೀದಿಯ ಐಟಿಐ ಹುಡುಗರಿಗೂ ಹೇಳು, ಅವರಿಗೆ ಯಾರೂ ಹೇಳಿರುವುದಿಲ್ಲ. ಬೆಂಗಳೂರಿನ ಇಸ್ಟ್ರ್ಯಾಕ್ ಇದೆ, ಹಾಸನದಲ್ಲಿ 1982ರಿಂದ ಇರುವ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, ಅಲ್ಲಿಂದ ನಮ್ಮ ಇನ್‌ಸ್ಯಾಟ್, ಜಿಸ್ಯಾಟ್‌ಗಳನ್ನು ನೋಡಿಕೊಳ್ಳುವುದು. ಎರಡೂ ನಮ್ಮ ರಾಜ್ಯದಲ್ಲೇ. ಪಾಳಿ ಕೆಲಸ ಅಂತ ಮನೆಯಲ್ಲಿ ಬೇಡ ಅನ್ನಬಹುದು. ನೌಕೆ ರಾತ್ರಿ ಹೊತ್ತೂ ಮಾತಾಡುತ್ತದೆ, ಯಾರಾದರೂ ಎದ್ದಿರಲೇಬೇಕು ಅಂತ ಅವರಿಗೆ ತಿಳಿಸಿ ಹೇಳು. ಓದುತ್ತಾ ಏನಾದರೂ ಸಿಕ್ಕಿಹಾಕಿಕೊಂಡರೆ ಈ ಅಂಕಣಕ್ಕೇ ಬರೆ, ಉತ್ತರ ಹುಡುಕಿ ಕೊಡುವುದು ನನ್ನ ಜವಾಬ್ದಾರಿ.